ಹಾಡು ಬೇಕು, ಹಾಡೋಳು ಬೇಡ: ಬೆಂಗಳೂರು ನಾಗರತ್ನಮ್ಮನವರ ಕಥೆ

ಇಂಟರ್ನಲ್ಸ್ ಟೈಮಲ್ಲಿ ಕಿವಿಗೆ ಜಾಝ್ ಹಾಕ್ಕೊಂಡು ಓದೋ ಗುಂಪೊಂದು ಎಲ್ಲಾ ಹಾಸ್ಟೆಲ್‌ನಲ್ಲೂ ಇರುತ್ತೆ. ಆ ಗುಂಪಿನವರಿಗೆ ಬಿಲ್ಲಿ ಹಾಲಿಡೇ ಅನ್ನೋ ಹೆಸರು ಗೊತ್ತಿರುತ್ತೆ. 1915ರಲ್ಲಿ ಹುಟ್ಟಿ 1959ರಲ್ಲಿ ತೀರಿಕೊಂಡ ಅಮೆರಿಕದ ಕಪ್ಪು ಗಾಯಕಿ. 1938ರಲ್ಲಿ ಅವರು ಆರ್ಟಿ ಶಾ ಅನ್ನೋ ಬಿಳಿಯರ ಬ್ಯಾಂಡಿನ ಜೊತೆ ಹಾಡುತ್ತಿದ್ದರು. ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಅವರ ಹಾಡು ಕೇಳೋಕೆ ಜನ ಬರ್ತಿದ್ದರು, ಆದರೆ ಹೋಟೆಲಿನವರು ಅವರಿಗೆ ಮಾತ್ರ ಸಾಮಾನು ಸಾಗಿಸೋ ಲಿಫ್ಟಿನಲ್ಲಿ ಓಡಾಡಬೇಕು ಅಂತ ಹೇಳಿದರು. ದನಿ ಮುಂಬಾಗಿಲಿನಿಂದ, ಮನುಷ್ಯಳು ಹಿಂಬಾಗಿಲಿನಿಂದ.

ಇದನ್ನ ಓದಿದಾಗ ನಮಗೆ ಅಮೆರಿಕದ ಮೇಲೆ ಕೋಪ ಬರುತ್ತೆ. ಬರಬೇಕು ಕೂಡ. ಆದರೆ ಇದೇ ಥರದ ಕಥೆ ನಮ್ಮ ಮೈಸೂರು ಸೀಮೆಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳದ್ದೂ ಇದೆ. ಒಂದೇ ಒಂದು ವ್ಯತ್ಯಾಸ ಅಂದ್ರೆ, ಈಕೆಯನ್ನ ಮುಂದೆ ಕೂತು ಹಾಡೋಕೆ ಬಿಡದೆ ಇದ್ದ ಕಟ್ಟಡವನ್ನ ಸ್ವಂತ ದುಡ್ಡಲ್ಲಿ ಕಟ್ಟಿಸಿದವರು ಈಕೆಯೇ. ಅವರ ಹೆಸರು ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ನದಿ ದಂಡೆಯ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ತಂದೆ ಸುಬ್ಬರಾವ್ ಅನ್ನೋ ವಕೀಲರು, ಮಗು ಚಿಕ್ಕದಿರುವಾಗಲೇ ತಾಯಿ ಮಗಳ ಕೈ ಬಿಟ್ಟರು. ಪುಟ್ಟಲಕ್ಷ್ಮಿಯವರು ಮಗಳನ್ನ ಕಟ್ಟಿಕೊಂಡು ಮೈಸೂರಿಗೆ ಬಂದರು. ಅಲ್ಲಿ ಅರಮನೆಯ ವಿದ್ವಾಂಸರಾಗಿದ್ದ ಗಿರಿಭಟ್ಟ ತಿಮ್ಮಯ್ಯನವರು ಆಸರೆ ಕೊಟ್ಟು, ಹುಡುಗಿಗೆ ಸಂಸ್ಕೃತ ಹೇಳಿಕೊಟ್ಟರು. ಹುಡುಗಿ ಚುರುಕು. ಅಮರಕೋಶ, ಕಾವ್ಯ, ಸಂಗೀತ ಎಲ್ಲವನ್ನೂ ಬೇಗ ಬೇಗ ಕಲಿತಳು. ಕೊನೆಗೆ ಆ ಆಸರೆಯೂ ತಪ್ಪಿತು. ಗುರುಗಳಿಗೂ ತಾಯಿಗೂ ಮನಸ್ತಾಪವಾಗಿ ಇಬ್ಬರೂ ಮತ್ತೆ ಬೀದಿಗೆ ಬಂದರು. ಮಗಳು ದೊಡ್ಡ ವಿದುಷಿಯಾಗೋ ತನಕ ಮೈಸೂರಿಗೆ ಕಾಲಿಡಲ್ಲ ಅಂತ ತಾಯಿ ಹಠ ತೊಟ್ಟರು ಅಂತ ಅವರ ಜೀವನಕಥೆ ಬರೆದವರು ಹೇಳ್ತಾರೆ.

ಆಮೇಲೆ ತಾಯಿ ಮಗಳು ನೆಲೆ ಕಂಡಿದ್ದು ಬೆಂಗಳೂರಿನಲ್ಲಿ. ಅಲ್ಲಿ ಮುನಿಸ್ವಾಮಪ್ಪ ಅನ್ನೋ ಗುರುಗಳ ಹತ್ತಿರ ಸಂಗೀತ ಪಾಠ. ಇದು ಮುಂದಿನ ಕಥೆಗೆ ತುಂಬಾ ಮುಖ್ಯ. ಯಾಕಂದ್ರೆ ಮುನಿಸ್ವಾಮಪ್ಪನವರು ವಾಲಾಜಪೇಟೆ ಪರಂಪರೆಯವರು, ಅಂದ್ರೆ ನೇರವಾಗಿ ತ್ಯಾಗರಾಜರ ಶಿಷ್ಯರಿಂದ ಬಂದ ಪಾಠಾಂತರ. ತ್ಯಾಗರಾಜರ ಕೃತಿಗಳು ನಾಗರತ್ನಮ್ಮನವರಿಗೆ ಪುಸ್ತಕದಿಂದ ಬಂದಿದ್ದಲ್ಲ, ಗುರುವಿನಿಂದ ಗುರುವಿಗೆ ಬಾಯಿಂದ ಬಾಯಿಗೆ ಬಂದಿದ್ದು. ಸಂಗೀತದ ಜೊತೆ ನೃತ್ಯ, ಕನ್ನಡ, ತೆಲುಗು, ಸಂಸ್ಕೃತ ಎಲ್ಲಾ ನಡೀತು. ಹದಿನಾಲ್ಕರ ಆಸುಪಾಸಿನಲ್ಲಿ ತಾಯಿಯೂ ತೀರಿಕೊಂಡರು. ನಮ್ಮಲ್ಲಿ ಹೆಚ್ಚಿನವರು ಒಂಬತ್ತನೇ ಕ್ಲಾಸಿನಲ್ಲಿ ಇರೋ ವಯಸ್ಸು ಅದು. ಸ್ವಲ್ಪ ದಿನದಲ್ಲೇ ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಮನೆಯಲ್ಲಿ ಅವರ ಮೊದಲ ಕಛೇರಿ ಆಯ್ತು. ತಾಯಿಯ ಹಠ ಗೆದ್ದಿತ್ತು, ನೋಡೋಕೆ ತಾಯಿ ಇರಲಿಲ್ಲ.

ಇಲ್ಲಿ ದೇವದಾಸಿ ಅನ್ನೋ ಪದದ ಬಗ್ಗೆ ಸ್ವಲ್ಪ ಮಾತಾಡಲೇಬೇಕು. ಈ ಪದ ಕೇಳಿದ ತಕ್ಷಣ ನಾವು ಮುಜುಗರ ಪಟ್ಕೊಂಡು ಮುಂದಿನ ಸಾಲಿಗೆ ಹಾರ್ತೀವಿ. ನಮ್ಮೂರು ಕೆರೆಬಿಳಚಿ, ಚನ್ನಗಿರಿ ತಾಲ್ಲೂಕು. ನಮ್ಮ ಕಡೆ ಸೂಳೆಕೆರೆ ಗೊತ್ತಿಲ್ಲದವರಿಲ್ಲ. ಅಷ್ಟು ದೊಡ್ಡ ಕೆರೆ, ಚಿತ್ರದುರ್ಗದವರೂ ಅದರ ನೀರು ಕುಡೀತಾರೆ. ಶಾಂತವ್ವ ಅನ್ನೋ ರಾಜಕುಮಾರಿ ಕೆರೆ ಕಟ್ಟಿಸೋಕೆ ಹೊರಟಾಗ ಆ ಜಾಗ ಸೂಳೆಯರದ್ದಾಗಿತ್ತಂತೆ, ನಮ್ಮ ಹೆಸರು ಕೆರೆಗೆ ಉಳಿಯೋದಾದರೆ ಜಾಗ ಕೊಡ್ತೀವಿ ಅಂದರಂತೆ, ಆಕೆ ಒಪ್ಪಿದಳಂತೆ. ಇದು ಐತಿಹ್ಯ, ಶಾಸನ ಅಲ್ಲ. ಆದರೂ ನೋಡಿ, ಜಾಗ ಕೊಟ್ಟೋರು ಕೇಳಿದ್ದು ದುಡ್ಡಲ್ಲ, ಹೆಸರು. ಈಗ ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ನೆಂಟರ ಮುಂದೆ, ಕಾಲೇಜಲ್ಲಿ ಎಲ್ಲರೂ ಶಾಂತಿಸಾಗರ ಅಂತಲೇ ಹೇಳೋದು. ನೀರು ಬೇಕು, ಹೆಸರು ಬೇಡ. ನಾಗರತ್ನಮ್ಮನವರ ಇಡೀ ಬದುಕು ಈ ಒಂದು ವಿಷಯದ ಸುತ್ತಲೇ ಇದೆ ಅಂತ ನನಗನ್ನಿಸುತ್ತೆ.

ಹಳೇ ಕಾಲದ ದೇವದಾಸಿ ಮನೆತನಗಳಲ್ಲಿ ಶೋಷಣೆ ಇತ್ತು, ಅದನ್ನ ಮುಚ್ಚಿಡೋದು ಬೇಡ. ಆದರೆ ಬೇರೆ ಹೆಣ್ಣುಮಕ್ಕಳಿಗೆ ಇಲ್ಲದ ಕೆಲವು ವಿಷಯಗಳೂ ಅಲ್ಲಿದ್ದವು. ಓದು ಬರಹ ಇತ್ತು, ಸಂಗೀತ ನೃತ್ಯ ಇತ್ತು, ಆಸ್ತಿ ತಾಯಿಯಿಂದ ಮಗಳಿಗೆ ಹೋಗ್ತಿತ್ತು. ದಕ್ಷಿಣದ ಸಂಗೀತ, ನೃತ್ಯ ಇವತ್ತಿನವರೆಗೆ ಉಳಿದು ಬಂದಿರೋದರಲ್ಲಿ ಈ ಮನೆತನಗಳ ಪಾಲು ದೊಡ್ಡದು. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನ ನಿಲ್ಲಿಸಿತು. ಅಷ್ಟು ಹೊತ್ತಿಗೆ ನಾಗರತ್ನಮ್ಮ ಮದರಾಸಿನಲ್ಲಿದ್ದರು.

ಬೆಂಗಳೂರಿನಲ್ಲಿ ಅವರ ಬೆನ್ನಿಗೆ ನಿಂತಿದ್ದವರು ಹೈಕೋರ್ಟ್ ಜಡ್ಜ್ ನರಹರಿರಾಯರು. ಬೆಂಗಳೂರಿನ ಹನುಮಂತನಗರದ ಹತ್ತಿರ ಇರೋ ನರಹರಿರಾಯನ ಗುಡ್ಡ ಅವರ ಹೆಸರಿನದ್ದೇ. ಸಂಗೀತದಲ್ಲಿ ಬೆಳೀಬೇಕು ಅಂದ್ರೆ ಮದರಾಸಿಗೆ ಹೋಗಬೇಕು ಅಂತ ಹೇಳಿದವರೂ ಅವರೇ. ಈಗ ನಾವು ಕೋಡಿಂಗ್ ಕಲಿತು ಬೆಂಗಳೂರಿಗೆ ಹೋಗೋ ಹಾಗೆ, ಆಗ ಸಂಗೀತ ಕಲಿತೋರು ಮದರಾಸಿಗೆ ಹೋಗ್ತಿದ್ದರು. ನಾಗರತ್ನಮ್ಮ ಹೋಗಿ ಜಾರ್ಜ್ ಟೌನಿನಲ್ಲಿ ಮನೆ ಮಾಡಿದರು. ಹೋದ ಊರಿನಲ್ಲಿ ಬಿಟ್ಟು ಬಂದ ಊರನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಬೆಂಗಳೂರು ನಾಗರತ್ನಮ್ಮ ಆದರು.

ಮುಂದಿನ ವರ್ಷಗಳಲ್ಲಿ ಅವರು ಊರೂರು ಸುತ್ತಿ ಹಾಡಿದರು. ಗ್ರಾಮಫೋನ್ ಆಗ ತಾನೇ ಬಂದಿತ್ತು. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ರೆಕಾರ್ಡ್ ಕೊಟ್ಟ ಮೇಲೆ ದೇಶದ ಬೇರೆ ಬೇರೆ ಕಡೆ ಹಾಡೋ ಹೆಣ್ಣುಮಕ್ಕಳು ಧೈರ್ಯವಾಗಿ ಆ ಕಹಳೆಯ ಮುಂದೆ ನಿಂತರು. ಎಷ್ಟೋ ದೊಡ್ಡ ವಿದ್ವಾಂಸರು ಈ ಮೆಷಿನ್ ಬೇಡಪ್ಪಾ ಅಂತ ದೂರ ಇದ್ದ ಕಾಲ ಅದು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರೊಳಗೆ ಹಾಡು ಮುಗೀಬೇಕು. ನಾಗರತ್ನಮ್ಮನವರ ದನಿಯೂ ಹೀಗೆ ರೆಕಾರ್ಡ್ ಆಗಿ ಉಳಿದಿದೆ. ದುಡ್ಡು, ಒಡವೆ, ಮನೆ ಎಲ್ಲಾ ಬಂತು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಅಂತ ಬರೆದಿದ್ದಾರೆ. ಇಷ್ಟಕ್ಕೇ ಕಥೆ ಮುಗಿದಿದ್ದರೆ ಇವರು ಒಬ್ಬ ಯಶಸ್ವಿ ಗಾಯಕಿ, ಅಷ್ಟೇ. ಆದರೆ ಇವರಿಗೆ ಓದೋ ಹುಚ್ಚಿತ್ತು.

ಒಂದು ತೆಲುಗು ಪುಸ್ತಕ ಓದುವಾಗ ಮುದ್ದುಪಳನಿ ಅನ್ನೋ ಹೆಸರು ಅವರ ಕಣ್ಣಿಗೆ ಬಿತ್ತು. ಮುದ್ದುಪಳನಿ ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಮರಾಠಾ ರಾಜ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಕವಯಿತ್ರಿ, ಅವರೂ ಇದೇ ಸಮುದಾಯದವರು. ರಾಧಿಕಾ ಸಾಂತ್ವನಮು ಅನ್ನೋ 584 ಪದ್ಯಗಳ ಶೃಂಗಾರ ಕಾವ್ಯ ಬರೆದಿದ್ದರು. ತಾನೇ ಸಾಕಿ ಬೆಳೆಸಿದ ಇಳಾ ಅನ್ನೋ ಹುಡುಗಿಯನ್ನ ಕೃಷ್ಣನಿಗೆ ಕೊಟ್ಟು ಮದುವೆ ಮಾಡಿದ ಮೇಲೆ ರಾಧೆಗೆ ಆಗೋ ಹೊಟ್ಟೆಕಿಚ್ಚು, ಸಿಟ್ಟು, ಆಸೆ, ಕೊನೆಗೆ ಕೃಷ್ಣ ಬಂದು ಸಮಾಧಾನ ಮಾಡೋದು, ಇದು ಕಥೆ. ನಾಗರತ್ನಮ್ಮ ಹುಡುಕಾಡಿ ಆ ಪುಸ್ತಕದ ಅಚ್ಚಾದ ಪ್ರತಿಯೊಂದನ್ನ ತರಿಸಿದರು. ಆಮೇಲೆ ಒಂದು ಹಸ್ತಪ್ರತಿಯೂ ಸಿಕ್ಕಿತು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದರು. ಸಿಎಸ್‌ನವರ ಭಾಷೆಯಲ್ಲಿ ಹೇಳೋದಾದರೆ, ಎರಡು ವರ್ಶನ್ ಇಟ್ಟು ಡಿಫ್ ತೆಗೆದರು.

ಡಿಫ್‌ನಲ್ಲಿ ಕಂಡಿದ್ದೇನು ಗೊತ್ತಾ? 1887ರಲ್ಲಿ ಅಚ್ಚಾದ ಪುಸ್ತಕದಲ್ಲಿ ಹಲವು ಪದ್ಯಗಳೇ ಇರಲಿಲ್ಲ. ಅದರ ಜೊತೆಗೆ ಮುದ್ದುಪಳನಿ ತನ್ನ ಬಗ್ಗೆ, ತನ್ನ ಮನೆತನದ ಹೆಣ್ಣುಮಕ್ಕಳ ಬಗ್ಗೆ ಬರೆದುಕೊಂಡಿದ್ದ ಪೀಠಿಕೆಯೂ ಮಾಯವಾಗಿತ್ತು. ಪದ್ಯ ತೆಗೆದಿದ್ದಕ್ಕೆ ಅಶ್ಲೀಲ ಅನ್ನೋ ನೆಪ ಇರಬಹುದು. ಕವಯಿತ್ರಿಯ ಪರಿಚಯದಲ್ಲಿ ಏನು ಅಶ್ಲೀಲ ಇತ್ತು? ಆಕೆ ಯಾರು ಅನ್ನೋದೇ ಅವರಿಗೆ ತೊಂದರೆಯಾಗಿತ್ತು, ಅಷ್ಟೇ.

ನಾಗರತ್ನಮ್ಮ ಒಂದೂ ಪದ್ಯ ಬಿಡದೆ ಪೂರ್ತಿ ಕಾವ್ಯವನ್ನ ಸಂಪಾದಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರೆಸ್ಸಿನಿಂದ ಪ್ರಕಟಿಸಿದರು. ಆಗ ತೆಲುಗಿನಲ್ಲಿ ದೊಡ್ಡ ಸಮಾಜ ಸುಧಾರಕ ಅಂದ್ರೆ ಕಂದುಕೂರಿ ವೀರೇಶಲಿಂಗಂ ಪಂತುಲು. ವಿಧವಾ ವಿವಾಹಕ್ಕಾಗಿ ಹೋರಾಡಿದ ದೊಡ್ಡ ಮನುಷ್ಯ. ಅವರೇ ಈ ಕಾವ್ಯವನ್ನ ಹೆಣ್ಣಿನ ಬಾಯಲ್ಲಿ ಬರಬಾರದ ಮಾತು ಅನ್ನೋ ರೀತಿಯಲ್ಲಿ ಟೀಕಿಸಿದ್ದರು. ನಾಗರತ್ನಮ್ಮ ಮುನ್ನುಡಿಯಲ್ಲಿ ನೇರವಾಗಿ ಅವರಿಗೇ ಪ್ರಶ್ನೆ ಹಾಕಿದರು. ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರ ಇರೋದಾ, ಗಂಡಸರಿಗೆ ಬೇಡವಾ? ಇದಕ್ಕಿಂತ ಹೆಚ್ಚು ಶೃಂಗಾರ ಇರೋ ಗಂಡಸರ ಕಾವ್ಯಗಳನ್ನ ಒಪ್ಪಿಕೊಂಡವರು ಇದನ್ನ ಮಾತ್ರ ಯಾಕೆ ಬೇಡ ಅಂತೀರಿ? ಇದು ಅವರ ವಾದದ ಸಾರ. ಓದಿದ ಗಂಡಸರೆಲ್ಲಾ ಗೌರವಿಸುತ್ತಿದ್ದ ವ್ಯಕ್ತಿಯನ್ನ 1910ರಲ್ಲಿ ಒಬ್ಬ ದೇವದಾಸಿ ಹೀಗೆ ಅಚ್ಚಿನಲ್ಲಿ ಕೇಳೋದು ಸಣ್ಣ ವಿಷಯ ಅಲ್ಲ.

ಉತ್ತರ ಪೊಲೀಸಿನವರ ರೂಪದಲ್ಲಿ ಬಂತು. 1911ರಲ್ಲಿ ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಪುಸ್ತಕದ ಪ್ರತಿಗಳನ್ನ ವಶಪಡಿಸಿಕೊಂಡಿತು, ಪ್ರಕಾಶಕರ ಮೇಲೆ ಕೇಸು ಬಿತ್ತು. ಪಂಡಿತರು ಅರ್ಜಿ ಬರೆದರೂ ಪ್ರಯೋಜನ ಆಗಲಿಲ್ಲ. ನಿಷೇಧ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಕೊನೆಗೆ ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಪ್ರಧಾನಿಯಾಗಿದ್ದಾಗ (ಆಗ ಪ್ರಾಂತ್ಯದ ಮುಖ್ಯಸ್ಥರನ್ನ ಹಾಗೇ ಕರೀತಿದ್ದರು) ಅದು ತೆರವಾಯ್ತು. ಪುಸ್ತಕ ಮತ್ತೆ ಅಚ್ಚಾಗಿದ್ದು 1952ರಲ್ಲಿ. ಆ ವರ್ಷವನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಈಗ ತಿರುವಯ್ಯಾರಿಗೆ ಹೋಗೋಣ. ತಂಜಾವೂರಿನ ಹತ್ತಿರ ಕಾವೇರಿ ದಂಡೆಯಲ್ಲಿರೋ ಊರು. ತ್ಯಾಗರಾಜರು ಬದುಕಿದ್ದೂ, 1847ರಲ್ಲಿ ಸಮಾಧಿಯಾಗಿದ್ದೂ ಅಲ್ಲೇ. 1921ರಲ್ಲಿ ಮೈಸೂರಿನ ಸಂಗೀತಗಾರ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೆ ಒಂದು ಕಾಗದ ಬಂತು ಅಂತ ಹೇಳ್ತಾರೆ. ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ, ಕೇಳೋರಿಲ್ಲ ಅನ್ನೋದು ಅದರ ಸುದ್ದಿ. ನಾಗರತ್ನಮ್ಮ ಹೋಗಿ ನೋಡಿದರು. ಆಮೇಲೆ ಒಂದು ರಾತ್ರಿ ಕನಸಿನಲ್ಲೂ ಸ್ವಾಮಿಗಳು ಕಂಡರು ಅನ್ನೋ ಕಥೆಯಿದೆ. ಕನಸಿನ ಕಥೆ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಖರ್ಚಿನ ಲೆಕ್ಕ ಮಾತ್ರ ನಿಜ. ಒಡವೆ ಮಾರಿ, ಕೂಡಿಟ್ಟ ದುಡ್ಡು ಸುರಿದು, ಜಾಗ ಕೊಂಡು ಮಂಟಪ ಕಟ್ಟೋಕೆ ಶುರು ಮಾಡಿದರು. 1921ರಲ್ಲಿ ಅಡಿಗಲ್ಲು, 1925ರ ಜನವರಿಯಲ್ಲಿ ಪ್ರತಿಷ್ಠೆ. ಆಗ ಅವರಿಗೆ 46 ವರ್ಷ.

ಅಲ್ಲಿ ಅಷ್ಟು ಹೊತ್ತಿಗೆ ವರ್ಷಕ್ಕೊಮ್ಮೆ ಪುಷ್ಯ ಬಹುಳ ಪಂಚಮಿಯಂದು ಆರಾಧನೆ ನಡೀತಿತ್ತು. ಅದನ್ನ ನಡೆಸೋರಲ್ಲಿ ಎರಡು ಬಣ, ಪೆರಿಯ ಕಚ್ಚಿ ಮತ್ತು ಚಿನ್ನ ಕಚ್ಚಿ. ಅಂದ್ರೆ ದೊಡ್ಡ ಪಾರ್ಟಿ, ಸಣ್ಣ ಪಾರ್ಟಿ. ಒಬ್ಬರನ್ನೊಬ್ಬರು ಕಂಡ್ರೆ ಆಗ್ತಿರಲಿಲ್ಲ. ಆದರೆ ಹೆಂಗಸರು ಅಲ್ಲಿ ಹಾಡಬಾರದು ಅನ್ನೋ ವಿಷಯದಲ್ಲಿ ಮಾತ್ರ ಎರಡೂ ಪಾರ್ಟಿ ಒಂದೇ. ಕಟ್ಟಿಸಿದೋಳು ಹೆಂಗಸು, ಜಾಗ ಕೊಂಡೋಳು ಹೆಂಗಸು. ಆದರೂ ಇಲ್ಲ ಅಂದರೆ ಇಲ್ಲ.

ಇಂಥಾ ಹೊತ್ತಿನಲ್ಲಿ ನಾವಾಗಿದ್ದರೆ ಬೇಜಾರು ಮಾಡ್ಕೊಂಡು ಬಿಟ್ಟು ಬರ್ತಿದ್ವೇನೋ. ನಾಗರತ್ನಮ್ಮ 1927ರಲ್ಲಿ ಮೂರನೇ ಪಾರ್ಟಿಯನ್ನೇ ಕಟ್ಟಿದರು, ಹೆಂಗಸರ ಪಾರ್ಟಿ. ಮುಂದುಗಡೆ ಗಂಡಸರು ಹಾಡ್ತಿದ್ದರೆ ಸಮಾಧಿಯ ಹಿಂಭಾಗದಲ್ಲಿ ಇವರ ಗಾಯನ, ಹರಿಕಥೆ ಶುರು. ಬೇರೆ ಬೇರೆ ಊರುಗಳಿಂದ ಹೆಣ್ಣುಮಕ್ಕಳು ಬಂದು ಹಾಡಿದರು. ಒಂದೆರಡು ವರ್ಷ ಅಲ್ಲ, ಹತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೀತು. ಲಿಂಕನ್ ಹೋಟೆಲಿನ ಸಾಮಾನು ಲಿಫ್ಟ್ ನೆನಪಾಯ್ತಾ? 1940ರ ಸುಮಾರಿಗೆ ಬಣಗಳೆಲ್ಲಾ ಒಂದಾದವು. 1941ರ ಹೊತ್ತಿಗೆ ಹೆಂಗಸರೂ ಗಂಡಸರ ಜೊತೆ ಮುಂದೆ ಕೂತು ಹಾಡುವಂತಾಯ್ತು. ನಾಗರತ್ನಮ್ಮನವರಿಗೆ ಆಗ ಅರವತ್ತು ದಾಟಿತ್ತು.

ಹೆಂಗಸರ ಪಾರ್ಟಿ ಕಟ್ಟಿದ ಅದೇ 1927ರಲ್ಲಿ ಅವರು ಇನ್ನೊಂದು ಜಗಳಕ್ಕೂ ಇಳಿದರು. ಈ ಜಗಳದಲ್ಲಿ ಯಾರು ಸರಿ ಅಂತ ಹೇಳೋದು ನನಗೆ ಸುಲಭ ಅಲ್ಲ. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸಿನ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆ. ದೇವದಾಸಿ ಪದ್ಧತಿ ನಿಲ್ಲಬೇಕು ಅಂತ ಹೊರಟವರು. ಅವರ ತಾಯಿಯೂ ಅದೇ ಸಮುದಾಯದವರು, ಹಾಗಾಗಿ ಅದು ಹೊರಗಿನವರ ಮಾತಾಗಿರಲಿಲ್ಲ. ಇನ್ನೂ ಬುದ್ಧಿ ಬಲಿಯದ ಹುಡುಗಿಯರನ್ನ ದೇವರಿಗೆ ಬಿಡೋದು ತಪ್ಪು ಅನ್ನೋ ಅವರ ಮಾತು ನೂರಕ್ಕೆ ನೂರು ಸರಿ. ನಮ್ಮ ರಾಜ್ಯದಲ್ಲಿ 1982ರಲ್ಲಿ ಹೊಸದಾಗಿ ಕಾನೂನು ತರಬೇಕಾಯ್ತು ಅಂದರೆ ಆ ಕೆಟ್ಟದ್ದು ಎಷ್ಟು ಆಳವಾಗಿತ್ತು ಅಂತ ಗೊತ್ತಾಗುತ್ತೆ. ನಾಗರತ್ನಮ್ಮ ಮಾತ್ರ ಮದರಾಸು ಪ್ರಾಂತ್ಯದ ದೇವದಾಸಿಯರ ಸಂಘದ ಅಧ್ಯಕ್ಷೆಯಾಗಿ ಆ ಮಸೂದೆಯನ್ನ ವಿರೋಧಿಸಿದರು. ಎಲ್ಲಾ ದೇವದಾಸಿಯರನ್ನೂ ವೇಶ್ಯೆಯರು ಅಂತ ಒಂದೇ ಪದದಲ್ಲಿ ಮುಗಿಸಬೇಡಿ, ನಮ್ಮ ಕಲೆ, ಓದು, ಆಸ್ತಿಯ ಹಕ್ಕು ಎಲ್ಲವನ್ನೂ ಒಟ್ಟಿಗೆ ಗುಡಿಸಿ ಎಸೀಬೇಡಿ ಅನ್ನೋದು ಅವರ ಕಡೆಯ ವಾದ. 1947ರಲ್ಲಿ ಕಾನೂನು ಬಂತು, ನಾಗರತ್ನಮ್ಮನವರ ಕಡೆ ಸೋತಿತು.

ಕಾನೂನು ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಅವರು ಹೆದರಿದ್ದು ಸುಳ್ಳಾಗಲಿಲ್ಲ. ಅವರ ಹಾಡು ಸಭಾಗಳಿಗೆ ಹೋಯ್ತು, ಅವರ ಕುಣಿತ ಭರತನಾಟ್ಯ ಅಂತ ಹೊಸ ಹೆಸರು ಪಡೆದು ಒಳ್ಳೇ ಮನೆತನ ಅನ್ನಿಸಿಕೊಂಡವರ ಮನೆಗೆ ಹೋಯ್ತು. ಎಷ್ಟೋ ಮನೆತನದವರು ಮಾತ್ರ ತಮ್ಮ ಅಜ್ಜಿಯ ಹೆಸರು ಹೇಳೋಕೂ ಅಂಜುವಂತಾಯ್ತು. ಪದ್ಧತಿ ಹೋಗಬೇಕಿತ್ತು, ಸರಿ. ಅದರ ಜೊತೆ ಆ ಹೆಣ್ಣುಮಕ್ಕಳ ಹೆಸರೂ ಯಾಕೆ ಹೋಗಬೇಕಿತ್ತು?

ನಾಗರತ್ನಮ್ಮ ತಮ್ಮ ಹೆಸರು ಬಿಡಲಿಲ್ಲ, ಸಮುದಾಯವನ್ನೂ ಮುಚ್ಚಿಡಲಿಲ್ಲ. ಮದರಾಸಿನ ಮನೆ ಬಿಟ್ಟು ಕೊನೆಗಾಲವನ್ನ ತಿರುವಯ್ಯಾರಿನಲ್ಲೇ ಕಳೆದರು. ಆಸ್ತಿಯನ್ನ ತ್ಯಾಗರಾಜರ ಸೇವೆಗೆ ಬರೆದಿಟ್ಟರು. ಬರೆಯುವಾಗಲೂ ಹೆಣ್ಣುಮಕ್ಕಳು ಅಲ್ಲಿ ಹಾಡಿ ಸೇವೆ ಮಾಡೋಕೆ ಯಾರೂ ಅಡ್ಡಿ ಮಾಡಬಾರದು ಅನ್ನೋ ಷರತ್ತು ಹಾಕೋದನ್ನ ಮರೀಲಿಲ್ಲ. 1952ರ ಮೇ 19ರಂದು ತೀರಿಕೊಂಡರು, 73 ವರ್ಷ. ಮುದ್ದುಪಳನಿಯ ಕಾವ್ಯ ಮತ್ತೆ ಅಚ್ಚಾದ ವರ್ಷವೇ ಅದು. ಅವರ ಸಮಾಧಿಯನ್ನ ತ್ಯಾಗರಾಜರ ಸಮಾಧಿಯ ಎದುರಿಗೇ ಮಾಡಿದರು. ಅಲ್ಲಿ ಅವರ ಮೂರ್ತಿ ಇದೆ, ಗುರುವಿಗೆ ಮುಖ ಮಾಡಿ ಕೂತಿದೆ. ಹಿಂಭಾಗದಲ್ಲಲ್ಲ.

ಒಂದು ಸಣ್ಣ ಭೂಗೋಳದ ವಿಷಯ ಹೇಳಿಬಿಡ್ತೀನಿ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನ ಸೇರುತ್ತಾಳೆ, ಆ ಕಾವೇರಿ ತಿರುವಯ್ಯಾರಿನ ಸಮಾಧಿಯ ಪಕ್ಕದಲ್ಲೇ ಹರೀತಾಳೆ. ನಾಗರತ್ನಮ್ಮ ಹುಟ್ಟಿದ ಊರಿನ ನೀರು ಅವರು ಮಲಗಿರೋ ಊರಿಗೆ ಈಗಲೂ ಹೋಗ್ತಿದೆ.

ಪ್ರತಿ ವರ್ಷ ಜನವರಿ ಹೊತ್ತಿಗೆ ತಿರುವಯ್ಯಾರಿನಲ್ಲಿ ನೂರಾರು ಜನ ಒಟ್ಟಿಗೆ ಕೂತು ಪಂಚರತ್ನ ಕೃತಿಗಳನ್ನ ಹಾಡ್ತಾರೆ, ಟಿವಿಯಲ್ಲೂ ಬರುತ್ತೆ. ನಿಮಗೆ ಕರ್ನಾಟಕ ಸಂಗೀತ ಅರ್ಥವಾಗದಿದ್ದರೂ ಪರವಾಗಿಲ್ಲ, ಒಂದು ಹತ್ತು ನಿಮಿಷ ನೋಡಿ. ಮುಂದಿನ ಸಾಲಿನಲ್ಲಿ ಎಷ್ಟು ಜನ ಹೆಂಗಸರಿದ್ದಾರೆ ಅಂತ ಎಣಿಸಿ. ಮನೇಲಿ ಯಾರಾದ್ರೂ ಪಕ್ಕದಲ್ಲಿ ಕೂತಿದ್ದರೆ, ಈ ಜಾಗ ಕಟ್ಟಿಸಿದ್ದು ನಂಜನಗೂಡಿನ ಪುಟ್ಟಲಕ್ಷ್ಮಿಯವರ ಮಗಳು ನಾಗರತ್ನಮ್ಮ ಅಂತ ಹೇಳಿ. ಅವರು ಯಾರು ಅಂತ ಕೇಳಿದರೆ ದೇವದಾಸಿ ಅನ್ನೋ ಪದವನ್ನ ನುಂಗಬೇಡಿ, ಪೂರ್ತಿ ಹೇಳಿ.